ಯಾರ ಖಾತೆಗೂ ಬಾರದ ನೆಲ: ಉಲ್ಲಾಳದ ಭೂಗೋಳ, ಉಲ್ಲಾಳದ ಬದುಕು

(ದತ್ತಿ ಉಪನ್ಯಾಸದ ಪೂರ್ಣಪಾಠ)



ಉಲ್ಲಾಳ ಎಂದ ಕೂಡಲೇ ನಾಡಿನ ಹೆಚ್ಚಿನವರು ಕರಾವಳಿಯ ಕಡೆ ತಿರುಗುತ್ತಾರೆ. ಪೋರ್ಚುಗೀಸರಿಗೆ ಎದುರು ನಿಂತ ರಾಣಿ ಅಬ್ಬಕ್ಕನ ಊರು ಅದು, ಉಳ್ಳಾಲ. ನಮ್ಮದು ಬೇರೆ. ಬೆಂಗಳೂರು ಉತ್ತರ ತಾಲ್ಲೂಕು, ಯಶವಂತಪುರ ಹೋಬಳಿಯ ಉಲ್ಲಾಳ. ಇಲ್ಲಿಂದ ರಾಣಿಯರು ಯಾರೂ ಯುದ್ಧಕ್ಕೆ ಹೊರಟಿದ್ದಿಲ್ಲ. ರಾಗಿ ಬೆಳೆದರು, ಕೆರೆ ಕಾಯ್ದರು, ಮಾರಮ್ಮನಿಗೆ ಆರತಿ ಎತ್ತಿದರು, ಕಡೆಗೆ ಸೈಟು ಮಾರಿದರು. ಇಂಥ ಊರಿನ ಬಗ್ಗೆ ಒಂದು ಗಂಟೆ ಮಾತಾಡುವಂಥದ್ದು ಏನಿದೆ ಎಂದು ತಮಗೆ ಅನಿಸಿದ್ದರೆ ತಪ್ಪಿಲ್ಲ. ನನಗೂ ಈ ಭಾಗಕ್ಕೆ ಸೈಟು ಕೊಂಡು ಬಂದು ಕೂತ ಎಷ್ಟೋ ವರ್ಷ ಹಾಗೇ ಅನಿಸಿತ್ತು.

ಭೂಗೋಳದ ಮೇಷ್ಟ್ರಾಗಿದ್ದವನು ನಾನು. ಊರೊಂದು ನಗರದೊಳಗೆ ಕರಗಿತು ಎಂದು ಎಲ್ಲರೂ ಸುಲಭವಾಗಿ ಹೇಳುತ್ತಾರಲ್ಲ, ಕರಗದೆ ಉಳಿದದ್ದು ಏನು, ಅದು ಯಾಕೆ ಉಳಿಯಿತು ಎನ್ನುವುದು ನನ್ನ ಪ್ರಶ್ನೆ. ನನಗೆ ಕಂಡ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪುವುದು ಬಿಡುವುದು ಆಮೇಲೆ. ಉಲ್ಲಾಳದಲ್ಲಿ ಹಳ್ಳಿ ಉಳಿದಿರುವುದು ಯಾರ ಹೆಸರಿಗೂ ಖಾತೆಯಾಗದ ಜಾಗಗಳಲ್ಲಿ. ಕೆರೆ, ಅರಳಿಕಟ್ಟೆ, ಗುಡಿಯ ಮುಂದಿನ ಬಯಲು, ಸ್ಮಶಾನ, ಹಳೆಯ ಬಂಡಿದಾರಿ. ಹೊಲಕ್ಕೆ ಒಡೆಯನಿದ್ದ, ಒಡೆಯನಿಗೆ ಬೆಲೆ ಸಿಕ್ಕಿತು, ಹೊಲ ಹೋಯಿತು. ಕಟ್ಟೆಗೆ ಒಡೆಯನಿರಲಿಲ್ಲ. ಹಾಗಾಗಿ ಕಟ್ಟೆ ಉಳಿಯಿತು, ಕಟ್ಟೆಯ ಮೇಲೆ ಕೂರುವವರೂ ಉಳಿದರು.

ಮೊದಲು ನೆಲ. ಬೆಂಗಳೂರಿನ ನಡುಬೆನ್ನು ಉತ್ತರ ದಕ್ಷಿಣವಾಗಿ ಹಾದಿದೆ. ಅದರ ಮೂಡಲಿಗೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಪಾಲು. ಪಡುವಲಿಗೆ ಬಿದ್ದದ್ದು ವೃಷಭಾವತಿಗೆ ಸೇರಿ, ಅಲ್ಲಿಂದ ಅರ್ಕಾವತಿ, ಅಲ್ಲಿಂದ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿ. ಉಲ್ಲಾಳ ಈ ಪಡುವಣ ಇಳಿಜಾರಿನಲ್ಲಿದೆ. ಮೆಜೆಸ್ಟಿಕ್‌ನಿಂದ ಹದಿನೈದು ಕಿಲೋಮೀಟರಿನೊಳಗೆ. ಬಡಗಲಿಗೆ ಮಾಗಡಿ ರಸ್ತೆ, ತೆಂಕಲಿಗೆ ಮೈಸೂರು ರಸ್ತೆ. ಎರಡರ ನಡುವಿನ ಸೀಮೆಯೇ ನಮ್ಮದು. ಈಗಿನ ಲೆಕ್ಕದಲ್ಲಿ ಹೇಳುವುದಾದರೆ ಪೂರ್ವಕ್ಕೆ ಹೊರವರ್ತುಲ ರಸ್ತೆ, ಪಶ್ಚಿಮಕ್ಕೆ ನೈಸ್ ರಸ್ತೆ.

ಕೆಂಪುಮಣ್ಣು, ಅಡಿಯಲ್ಲಿ ಲಾಲ್‌ಬಾಗಿನ ಗುಡ್ಡದ ಜಾತಿಯದೇ ಕರಿಗಲ್ಲು. ಇಂಥ ಕಲ್ಲು ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಬಿರುಕುಗಳಲ್ಲಿ ನಿಂತಷ್ಟೇ ಲಾಭ. ಜೀವನದಿ ಎನ್ನುವಂಥದ್ದು ಹತ್ತಿರದಲ್ಲಿಲ್ಲ. ಮಳೆಯೋ, ಮುಂಗಾರು ಕೈಕೊಟ್ಟರೂ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಡಿದು ಹೋಗುತ್ತದೆ. ಹೀಗಿರುವಾಗ ಇಲ್ಲಿ ಊರು ಕಟ್ಟುವ ಮನುಷ್ಯನಿಗೆ ಇದ್ದದ್ದು ಒಂದೇ ದಾರಿ: ಇಳಿಜಾರಿಗೆ ಅಡ್ಡವಾಗಿ ಏರಿ ಹಾಕುವುದು. ಅದಕ್ಕೇ ನಮ್ಮ ಸುತ್ತ ಹೆಜ್ಜೆಗೊಂದು ಕೆರೆ. ಉಲ್ಲಾಳ ಕೆರೆ, ಮಲ್ಲತ್ತಹಳ್ಳಿ ಕೆರೆ, ಹೇರೋಹಳ್ಳಿ ಕೆರೆ, ದುಬಾಸಿಪಾಳ್ಯದ ಕೆರೆ, ಕೊಮ್ಮಘಟ್ಟದ ಕೆರೆ, ಕೆಂಗೇರಿ ಕೆರೆ. ಒಂದರ ಕೋಡಿ ಬಿದ್ದ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಸೇರುವುದು ಈ ಸೀಮೆಯ ಪದ್ಧತಿ. ಯಾವ ಕೆರೆಯೂ ಒಂಟಿಯಲ್ಲ.

ಕೆರೆ ಎಂದರೆ ನಮ್ಮ ಮಕ್ಕಳಿಗೆ ಈಗ ವಾಕಿಂಗ್ ಟ್ರ್ಯಾಕ್. ಆದ್ದರಿಂದ ಕೆರೆಯ ಅಂಗಾಂಗಗಳನ್ನು ಒಮ್ಮೆ ಹೆಸರಿಸುತ್ತೇನೆ. ತಡೆದು ನಿಲ್ಲಿಸುವುದು ಏರಿ. ಬೇಕಾದಷ್ಟು ನೀರು ಬಿಡುವುದು ತೂಬು. ಹೆಚ್ಚಾದದ್ದು ಹೊರಬೀಳುವುದು ಕೋಡಿ. ಒಳಗೆ ನೀರು ನಿಲ್ಲುವುದು ಅಂಗಳ. ಏರಿಯ ಕೆಳಗೆ ತೂಬಿನ ನೀರು ಕುಡಿಯುವ ಗದ್ದೆ ಅಚ್ಚುಕಟ್ಟು. ಮೇಲುಗಡೆಯಿಂದ ನೀರು ತರುವುದು ಕಾಲುವೆ. ಊರಿನ ಮನೆಗಳು ಅಚ್ಚುಕಟ್ಟನ್ನು ತಿನ್ನದ ಹಾಗೆ, ಆದರೆ ನೀರಿಗೆ ದೂರವಾಗದ ಹಾಗೆ, ತುಸು ಎತ್ತರದ ಗಟ್ಟಿನೆಲದ ಮೇಲೆ. ಮೇಲಿನ ಖುಷ್ಕಿಯಲ್ಲಿ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಅದಕ್ಕೂ ಮೇಲೆ ಹುರುಳಿ, ದನ ಮೇಯುವ ಬಯಲು. ಅಂದರೆ ನೀರು ಇಳಿಯುವ ಕ್ರಮದಲ್ಲೇ ಊರೂ ಇಳಿದಿತ್ತು. ಎತ್ತರದಲ್ಲಿ ಗೋಮಾಳ, ನಡುವೆ ಹೊಲ, ಆಮೇಲೆ ಮನೆ, ಕೆರೆ, ಗದ್ದೆ. ಬೆಂಗಳೂರಿನಿಂದ ಮಾಗಡಿಯವರೆಗೆ ಯಾವ ಊರಿನ ಗ್ರಾಮನಕ್ಷೆ ತೆಗೆದರೂ ಹೆಚ್ಚುಕಡಿಮೆ ಇದೇ ಹಂಚಿಕೆ ಕಾಣುತ್ತದೆ.

ಈ ಕೆರೆಗಳನ್ನು ಕಾಯುತ್ತಿದ್ದವರು ಯಾರು? ಇವತ್ತಿನ ಕಾರ್ಯಕ್ರಮ ದತ್ತಿ ಉಪನ್ಯಾಸವಾದ್ದರಿಂದ ಇದನ್ನು ಹೇಳಲೇಬೇಕು: ನಮ್ಮ ನಾಡಿನ ಹಳೆಯ ದತ್ತಿಗಳಲ್ಲಿ ಎಷ್ಟೋ ಕೆರೆಗೆ ಬಿಟ್ಟವು. ಶಾಸನಗಳಲ್ಲಿ ಅದಕ್ಕೆ ಬಿತ್ತುವಟ್ಟ ಎಂಬ ಹೆಸರಿದೆ. ಕೆರೆಯ ಹೂಳು ತೆಗೆಯಲು, ಏರಿ ಬಿಗಿ ಮಾಡಲು ಅಚ್ಚುಕಟ್ಟಿನ ಒಂದಿಷ್ಟು ಭೂಮಿಯ ಹುಟ್ಟುವಳಿಯನ್ನು ಎತ್ತಿಡುವ ಏರ್ಪಾಡು. ಕೆರೆ ಕಟ್ಟಿಸಿದವನಿಗೆ ಕೆರೆಯ ಕೆಳಗೆ ಕೊಡಗೆಯಾಗಿ ಭೂಮಿ ಬಿಡುತ್ತಿದ್ದರು. ಸಾಹಿತ್ಯ ಪರಿಷತ್ತಿನಂಥ ಸಂಸ್ಥೆಗಳಲ್ಲಿ ಇಟ್ಟ ದತ್ತಿಯ ನಿಯಮ ತಮಗೆ ಗೊತ್ತು, ಮೂಲಧನ ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲೇ ಕಾರ್ಯಕ್ರಮ ನಡೆಯಬೇಕು. ಬಿತ್ತುವಟ್ಟದ ನಿಯಮವೂ ಅದೇ. ಕೆರೆ ಮೂಲಧನ, ಫಸಲು ಬಡ್ಡಿ. ನೀರಗಂಟಿಗೆ ಸಂಬಳವಿರಲಿಲ್ಲ, ಸುಗ್ಗಿಯಲ್ಲಿ ಕಣದಿಂದ ಆಯ ಸಿಗುತ್ತಿತ್ತು. ತೋಟಿ, ತಳವಾರ, ಕಮ್ಮಾರ, ಅಗಸ, ಎಲ್ಲರೂ ಆಯಗಾರರೇ. ಕೆರೆ ತುಂಬದಿದ್ದರೆ ಕಣ ಬರಿದು, ಕಣ ಬರಿದಾದರೆ ನೀರಗಂಟಿಯ ಮನೆಯ ಮಡಕೆಯೂ ಬರಿದು. ಹಾಗಾಗಿ ತೂಬಿನ ಮೇಲೆ ಅವನ ಕಣ್ಣು ಸದಾ ಇರುತ್ತಿತ್ತು.

1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಜಾರಿಯಾಗಿ ಈ ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋದವು. ಪಟೇಲ, ಶಾನುಭೋಗ ಹೋದರು, ನೀರಗಂಟಿಯೂ ಹೋದ. ಪಟೇಲಿಕೆ ಹೋದದ್ದಕ್ಕೆ ಕಣ್ಣೀರು ಹಾಕುವವನು ನಾನಲ್ಲ. ಆದರೆ ಶಾನುಭೋಗನ ಜಾಗಕ್ಕೆ ಸರ್ಕಾರ ಗ್ರಾಮಲೆಕ್ಕಿಗನನ್ನು ತಂದು ಕೂರಿಸಿತು. ನೀರಗಂಟಿಯ ಜಾಗಕ್ಕೆ ಊರಿನೊಳಗಿನ ಮನುಷ್ಯನೊಬ್ಬ ಮತ್ತೆ ಬರಲಿಲ್ಲ. ಕೆರೆ ಆಮೇಲೆ ಇಲಾಖೆಯಿಂದ ಇಲಾಖೆಗೆ ಕಡತವಾಗಿ ಓಡಾಡಿತು.

ಈಗ ಗ್ರಾಮನಕ್ಷೆಯ ಹತ್ತಿರ ಬರೋಣ. ಭೂಮಾಪನ ಇಲಾಖೆಯ ಹಳೆಯ ನಕ್ಷೆ, ಎಂಟು ಇಂಚಿಗೆ ಒಂದು ಮೈಲಿ ಅಳತೆಯದು. ಇದನ್ನು ಕೈಯಲ್ಲಿ ಹಿಡಿದು ಇವತ್ತಿನ ರಸ್ತೆಗಳಲ್ಲಿ ನಡೆದು ನೋಡಿ, ಒಂದು ಮೋಜು ಇದೆ. ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆಯ ಮೇನ್‌ಗಳು, ಕ್ರಾಸ್‌ಗಳು ಮೂಲೆಮಟ್ಟ ಹಿಡಿದು ಗೀಚಿದ ಹಾಗಿವೆ. ಇಂಥ ನೇರ ರಸ್ತೆಗಳ ನಡುವೆ ಇದ್ದಕ್ಕಿದ್ದಂತೆ ಒಂದು ರಸ್ತೆ ಕಾರಣವಿಲ್ಲದೆ ಸೊಟ್ಟಗೆ ತಿರುಗಿದರೆ ನಿಂತು ನೋಡಬೇಕು. ಅದು ಬಹುಮಟ್ಟಿಗೆ ಹಳೆಯ ಬಂಡಿದಾರಿ, ನಕ್ಷೆಯಲ್ಲಿ ಚುಕ್ಕೆಗೆರೆಯಾಗಿ ಬಂದದ್ದು. ಎತ್ತುಗಳು ಏರನ್ನು ನೇರವಾಗಿ ಹತ್ತುವುದಿಲ್ಲ, ಸುತ್ತಿ ಹತ್ತುತ್ತವೆ. ಆ ಸುತ್ತು ಹಾಗೇ ಡಾಂಬರಿನಲ್ಲಿ ಉಳಿದಿದೆ. ಇನ್ನು ಎರಡು ಮನೆಸಾಲುಗಳ ಹಿತ್ತಿಲುಗಳ ನಡುವೆ, ಚಪ್ಪಡಿ ಮುಚ್ಚಿದ, ವಾಸನೆ ಬರುವ, ಯಾವ ಮನೆಯವರೂ ಬಾಗಿಲು ತೆರೆಯದ ಒಂದು ಸಂದಿ ಹಾವಿನ ಹಾಗೆ ಹೋಗಿದ್ದರೆ ಅದು ಕೆರೆಗೆ ನೀರು ತರುತ್ತಿದ್ದ ಕಾಲುವೆ. ಊರಿನ ಹುಡುಗರಿಗೆ ಅದು ಮೋರಿ. ಕಾಗದದಲ್ಲಿ ಅದು ಈಗಲೂ ರಾಜಕಾಲುವೆ.

ಈ ಸೊಟ್ಟ ಜಾಗಗಳಿಗೆ ಕಂದಾಯದ ಭಾಷೆಯಲ್ಲಿ ಖರಾಬು ಎನ್ನುತ್ತಾರೆ. ಉಳಲು ಬಾರದ, ಆದರೆ ರೈತನ ಹಿಡುವಳಿಯೊಳಗೇ ಬಿದ್ದದ್ದು ಎ ಖರಾಬು. ದಾರಿ, ಹಳ್ಳ, ಕೆರೆ, ಮಸಣ, ಹೀಗೆ ಎಲ್ಲರಿಗೂ ಬೇಕಾದದ್ದು ಬಿ ಖರಾಬು. ಇದರ ಜೊತೆಗೆ ಗುಂಡುತೋಪು, ಗೋಮಾಳ. ಗೋಮಾಳದ ಕಥೆ ನನಗೆ ವಿಶೇಷ ಅನಿಸುತ್ತದೆ. ಕಂದಾಯ ನಿಯಮದ ಪ್ರಕಾರ ಊರಿನಲ್ಲಿ ನೂರು ಜಾನುವಾರು ಇದ್ದರೆ 30 ಎಕರೆ ಗೋಮಾಳ ಇರಬೇಕು. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಈ ನಿಯಮ ಹಿಂದುಮುಂದಾಗಿಯೂ ನಡೆಯುತ್ತದೆ. ಹೊಲ ಹೋದರೆ ದನ ಕಡಿಮೆಯಾಗುತ್ತವೆ, ದನ ಕಡಿಮೆಯಾದರೆ ಗೋಮಾಳ ಹೆಚ್ಚುವರಿ ಎನಿಸುತ್ತದೆ, ಹೆಚ್ಚುವರಿಯಾದದ್ದನ್ನು ಬೇರೆ ಉದ್ದೇಶಕ್ಕೆ ಕೊಡಬಹುದು, ಕೊಟ್ಟ ಮೇಲೆ ಮೇಯಲು ಜಾಗವಿಲ್ಲದೆ ಉಳಿದ ದನಗಳೂ ಹೋಗುತ್ತವೆ. ಯಾರೂ ಕಾನೂನು ಮುರಿಯಬೇಕಾಗಿಲ್ಲ. ಕಾನೂನಿನಂತೆಯೇ ಗೋಮಾಳ ಕರಗುತ್ತದೆ.

ಇಲ್ಲಿಯವರೆಗೆ ಕೇಳಿದವರಲ್ಲಿ ಕೆಲವರು ಮನಸ್ಸಿನಲ್ಲೇ ತಕರಾರು ತೆಗೆದಿರುತ್ತಾರೆ. ಎಲ್ಲರದೂ ಎನ್ನುತ್ತೀರಲ್ಲ, ಯಾರು ಆ ಎಲ್ಲರು ಎಂದು. ತಕರಾರು ಸರಿಯಾದದ್ದೇ. ಊರಿನ ಸೇದುವ ಬಾವಿ ಎಲ್ಲರದಾಗಿರಲಿಲ್ಲ. ಅರಳಿಕಟ್ಟೆಯ ಮೇಲೆ ಎಲ್ಲರೂ ಕೂರುವಂತಿರಲಿಲ್ಲ. ಕೆರೆಯ ನೀರು ಕೊನೆಗೆ ಮುಟ್ಟುವ ಮೂಲೆಯಲ್ಲಿ, ಗಾಳಿ ಬೀಸುವ ದಿಕ್ಕು ನೋಡಿ, ಕೇರಿಯನ್ನು ಬೇರೆ ಇಡುತ್ತಿದ್ದರು. ನಕ್ಷೆಯಲ್ಲಿ ಗ್ರಾಮಠಾಣಾ ಒಂದೇ ಗೆರೆಯೊಳಗಿದ್ದರೂ ನೆಲದ ಮೇಲೆ ಅದು ಎರಡಾಗಿತ್ತು. ತಮಟೆ ಬಡಿದವರು ಗುಡಿಯ ಹೊರಗೆ, ತಮಟೆ ಕೇಳಿದವರು ಒಳಗೆ. ಮಾಗಡಿ ಸೀಮೆಯಲ್ಲೇ ಹುಟ್ಟಿದ ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ‘ಊರುಕೇರಿ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅವರು ಮುಂದೆ ಕನ್ನಡ ಪ್ರಾಧ್ಯಾಪಕರಾದದ್ದು ನಮ್ಮ ಪಕ್ಕದ ಜ್ಞಾನಭಾರತಿಯಲ್ಲಿ. ಆ ವಿಶ್ವವಿದ್ಯಾಲಯ, ಸಿಟಿ ಬಸ್ಸು, ಕೊಳಾಯಿ, ಇವು ಕೇರಿಯ ಹುಡುಗರಿಗೆ ಊರು ಕೊಡದಿದ್ದದ್ದನ್ನು ಕೊಟ್ಟವು. ಬಸ್ಸಿನ ಸೀಟಿನಲ್ಲಿ ಯಾರು ಯಾರ ಪಕ್ಕ ಕೂರಬೇಕೆಂದು ಕಂಡಕ್ಟರ್ ಕೇಳುವುದಿಲ್ಲ. ಇದನ್ನು ಮರೆತು ಹಳ್ಳಿಯ ಹಾಡು ಹಾಡಿದರೆ ಅದು ಅರ್ಧ ಊರಿನ ಹಾಡಾಗುತ್ತದೆ.

ಹಾಗಾದರೆ ನಗರ ಬಂದದ್ದು ಹೇಗೆ? ನಿಧಾನವಾಗಿ, ಮೂರು ಕಡೆಯಿಂದ.

ಮೊದಲನೆಯದು ಪೇಟೆಯ ಕಡೆಯಿಂದ. ನಮಗೆ ಹತ್ತಿರದ ಪೇಟೆ ಕೆಂಗೇರಿ. ಮೈಸೂರು ಹೆದ್ದಾರಿಯ ಮೇಲಿನ ಹೋಬಳಿ ಊರು. ಬೆಂಗಳೂರು ಮೈಸೂರು ರೈಲುದಾರಿ 1882ರಲ್ಲಿ ಪೂರ್ಣವಾದ ಮೇಲೆ ಕೆಂಗೇರಿ ಈ ಸೀಮೆಯ ರೈಲುಬಾಗಿಲಾಯಿತು. 1876ರಿಂದ 78ರವರೆಗಿನ ದೊಡ್ಡ ಬರದ ಬೆನ್ನಿಗೇ ಕಟ್ಟಿದ ದಾರಿ ಅದು. ಮಾಗಡಿ ಕಡೆ ಮುಖ ಮಾಡಿದ್ದ ಊರುಗಳು ಹಾಗೆ ಮೆಲ್ಲಗೆ ತೆಂಕಲಿಗೆ ತಿರುಗಿದವು. ಆದರೂ ಉಲ್ಲಾಳದ ಹೊಲಕ್ಕೆ ಅದರಿಂದ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. ಕೆಂಗೇರಿ ಪುರಸಭೆಯಾಗಿ ಬೆಳೆಯಿತು, ಉಲ್ಲಾಳ ಊರಾಗಿಯೇ ಇತ್ತು.

ಎರಡನೆಯದು ವಿದ್ಯೆಯ ಕಡೆಯಿಂದ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ 1973ರಲ್ಲಿ ಜ್ಞಾನಭಾರತಿ ಆವರಣಕ್ಕೆ ಬಂತು, ಸುಮಾರು 1100 ಎಕರೆ. ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆ, ಆಮೇಲೆ ರಾಷ್ಟ್ರೀಯ ಕಾನೂನು ಶಾಲೆ.  ಒಂದು ವಿಷಯ ನನ್ನನ್ನು ಆಗಾಗ ಕಾಡುತ್ತದೆ. ಕರ್ನಾಟಕದ ಹಳ್ಳಿಯ ಬಗ್ಗೆ ಲೋಕವೇ ಓದುವ ಪುಸ್ತಕ ಬರೆದ ಎಂ.ಎನ್. ಶ್ರೀನಿವಾಸ್, ವಿ.ಕೆ.ಆರ್.ವಿ. ರಾವ್ ಅವರ ಇದೇ ಸಂಸ್ಥೆಯಲ್ಲಿ ಇದ್ದವರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಟಿಪ್ಪಣಿಗಳು ಸುಟ್ಟಾಗ ನೆನಪಿನಿಂದಲೇ ಅವರು ರಾಂಪುರದ ಕಥೆ ಬರೆದರು. ಸಂಸ್ಥೆಯ ಇಂದಿನ ಕಾಂಪೌಂಡಿನಾಚೆಗೇ ಹಳ್ಳಿಗಳು ಇದ್ದವು, ಕಣ್ಣೆದುರೇ ಬದಲಾಗುತ್ತಿದ್ದವು. ಅವುಗಳ ನೆನಪನ್ನು ಹಾಗೆ ಕೂತು ಬರೆಯುವವರು ಸಿಗಲಿಲ್ಲ. ಗಮನ ಸದಾ ದೂರದ ಹಳ್ಳಿಗೇ, ಬಾಗಿಲಲ್ಲಿರುವ ಹಳ್ಳಿ ಬರೀ ಅಡ್ರೆಸ್ಸು.

ಶ್ರೀನಿವಾಸರ ನಂತರ ಮಂಡ್ಯದ ಎರಡು ಊರುಗಳನ್ನು ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್ 1962ರಲ್ಲಿ ಒಂದು ಸಂಗತಿ ತೋರಿಸಿದರು. ನಾಲೆಯ ನೀರು ಬಂದ ಊರಿನಲ್ಲಿ ದುಡ್ಡು ಬಂತು, ಆದರೆ ಹಳೆಯ ಸಂಬಂಧಗಳು ಹಾಗೇ ಉಳಿದವು. ನೀರು ಬಾರದ ಒಣ ಊರಿನವರು ಹೊರಗೆ ಕೆಲಸ, ವ್ಯಾಪಾರ ಹುಡುಕಿ ಹೊರಟರು, ಅಲ್ಲಿ ಸಂಬಂಧಗಳೇ ಬದಲಾದವು. ಉಲ್ಲಾಳವನ್ನು ಆ ತಕ್ಕಡಿಯಲ್ಲಿಟ್ಟರೆ ಇದು ಒಣ ಊರು. ಆದರೆ ಒಂದು ಫರಕಿದೆ. ಎಪ್‌ಸ್ಟೈನರ ಊರಿನವರು ಪೇಟೆಗೆ ಹೋದರು. ನಮ್ಮಲ್ಲಿಗೆ ಪೇಟೆಯೇ ಬಂತು.

ಮೂರನೆಯದು ಬಡಾವಣೆ. ಗೃಹನಿರ್ಮಾಣ ಸಹಕಾರ ಸಂಘಗಳು ಮಾಡಿದ ಲೇಔಟು, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ವಿಶ್ವೇಶ್ವರಯ್ಯ ಬಡಾವಣೆ, ಖಾಸಗಿಯವರು ಹೊಲಕ್ಕೇ ಗೆರೆ ಎಳೆದು ಮಾರಿದ ರೆವಿನ್ಯೂ ಸೈಟು. ಪಶ್ಚಿಮಕ್ಕೆ ನೈಸ್ ರಸ್ತೆಯಾಚೆ ಕೊಮ್ಮಘಟ್ಟ, ರಾಮಸಂದ್ರ, ಸೂಲಿಕೆರೆಯ ಕಡೆ ನಾಡಪ್ರಭು ಕೆಂಪೇಗೌಡ ಬಡಾವಣೆ, ಹನ್ನೆರಡು ಊರುಗಳ ಭೂಮಿ. ಕೆಂಪೇಗೌಡ ಬಡಾವಣೆಯ ಲೆಕ್ಕ ಒಂದನ್ನು ತಮ್ಮ ಮುಂದೆ ಬಿಡಿಸುತ್ತೇನೆ, ಯಾಕೆಂದರೆ ಈ ಸೀಮೆಯ ಜಗಲಿಗಳಲ್ಲಿ ಹೆಚ್ಚು ಚರ್ಚೆಯಾದ ಗಣಿತ ಇದೇ. ಒಂದು ಎಕರೆಗೆ 43,560 ಚದರಡಿ. ರಸ್ತೆ, ಪಾರ್ಕು ಎಲ್ಲ ಕಳೆದು ಸೈಟಾಗುವುದು ಶೇ. 55. ಅದರಲ್ಲಿ ರೈತನಿಗೆ ಶೇ. 40, ಪ್ರಾಧಿಕಾರಕ್ಕೆ ಶೇ. 60. ಹಾಗೆ ಬರುವುದು 9,583 ಚದರಡಿ. ಅಂದರೆ 30/40ರ ಎಂಟು ಸೈಟು, ಒಂದೆರಡು ಮೊಳ ಕಡಿಮೆ. ರಾಗಿ ಬೆಳೆಯುತ್ತಿದ್ದ ನಲವತ್ತು ಗುಂಟೆಗೆ ಎಂಟು ಸೈಟು. ಮೂರು ಮಕ್ಕಳಿದ್ದರೆ ಭಾಗ ಹೇಗೆ ಮಾಡುವುದು, ಕಾರ್ನರ್ ಸೈಟು ಯಾರಿಗೆ, ಕಾಗದಕ್ಕೆ ಸಹಿ ಹಾಕುವಾಗ ಹೆಣ್ಣುಮಕ್ಕಳನ್ನು ಕರೆದರಾ ಇಲ್ಲವಾ? 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಗಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ಭೂಮಿಗೆ ಬೆಲೆ ಏರಿದ ಕಾಲವೂ ಅದೇ ಆದದ್ದರಿಂದ ಅಣ್ಣ ತಂಗಿಯರು ಕೋರ್ಟಿನ ಮೆಟ್ಟಿಲಲ್ಲಿ ಎದುರಾದ ಮನೆಗಳು ಈ ಸೀಮೆಯಲ್ಲಿ ಕಡಿಮೆಯಿಲ್ಲ. ತಂಗಿ ಕೇಳಿದ್ದು ತಪ್ಪು ಎನ್ನುವ ಗಂಡಸರು ಈ ಸಭೆಯಲ್ಲಿ ಇದ್ದರೆ ಅವರ ಜೊತೆ ಊಟದ ಹೊತ್ತಿನಲ್ಲಿ ಜಗಳವಾಡಲು ನಾನು ತಯಾರು.

ಬಿಡಿಎ ಕಾಯ್ದೆ ಹೊಸ ಬಡಾವಣೆಗೂ ಒಂದು ಸಾರ್ವಜನಿಕ ನೆಲವನ್ನು ಕಡ್ಡಾಯ ಮಾಡಿದೆ. ಒಟ್ಟು ವಿಸ್ತೀರ್ಣದಲ್ಲಿ ಪಾರ್ಕು, ಆಟದ ಬಯಲಿಗೆ ಕನಿಷ್ಠ ಶೇ. 15, ನಾಗರಿಕ ಸೌಲಭ್ಯಕ್ಕೆ ಮತ್ತೆ ಶೇ. 10. ಕಾಗದದ ಮೇಲೆ ಇದು ಹಳೆಯ ಊರಿಗಿಂತ ನ್ಯಾಯವಾದದ್ದೇ, ಪಾರ್ಕಿಗೆ ಜಾತಿ ಇಲ್ಲ. ಆದರೆ ಪಾರ್ಕಿಗೆ ಗೇಟಿದೆ, ಬೀಗವಿದೆ, ಹೊತ್ತುಗೊತ್ತಿದೆ. ನಾಗರಿಕ ಸೌಲಭ್ಯದ ಸಿಎ ಸೈಟುಗಳು ಗುತ್ತಿಗೆಯ ಮೇಲೆ ಶಾಲೆಗೋ ಟ್ರಸ್ಟಿಗೋ ಹೋಗುತ್ತವೆ, ಹೋದ ಮೇಲೆ ಕಾಂಪೌಂಡು ಏಳುತ್ತದೆ. ರೆವಿನ್ಯೂ ಬಡಾವಣೆಯಲ್ಲಂತೂ ಆ ಶೇ. 25ರ ಮಾತೇ ಇಲ್ಲ. ಇಪ್ಪತ್ತಡಿ ರಸ್ತೆ, ಅದರ ಕೊನೆಯಲ್ಲಿ ಗೋಡೆ. ಅಲ್ಲಿಯ ಮಕ್ಕಳು ಕ್ರಿಕೆಟ್ ಆಡುವುದು ಇನ್ನೂ ಮನೆ ಕಟ್ಟದ ಯಾರದೋ ಸೈಟಿನಲ್ಲಿ. ಆ ಯಾರೋ ದುಬೈಯಲ್ಲೋ ದಾವಣಗೆರೆಯಲ್ಲೋ ಇದ್ದಾರೆ ಎನ್ನುವುದೇ ಮಕ್ಕಳ ಪುಣ್ಯ. ಅಂಥದೇ ಖಾಲಿ ಸೈಟುಗಳಲ್ಲಿ ನೀಲಿ ಟಾರ್ಪಾಲಿನ ಜೋಪಡಿ ಹಾಕಿಕೊಂಡು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಗಾರೆ ಕೆಲಸದವರು ಇರುತ್ತಾರೆ. ಬೇರೆಯವರ ಮನೆ ಏಳುವವರೆಗೆ ಒಂದು ಸೈಟು, ಎದ್ದ ಮೇಲೆ ಇನ್ನೊಂದು. ಅವರ ಮಕ್ಕಳ ಕನ್ನಡ ಸರ್ಕಾರಿ ಶಾಲೆಯಲ್ಲಿ ಊರಿನ ಮಕ್ಕಳ ಕನ್ನಡದ ಜೊತೆ ಬೆರೆಯುತ್ತಿದೆ. ಉಲ್ಲಾಳದಲ್ಲಿ ಈಗ ‘ಬರ್ತೀವ್ರೀ’ ಕೇಳುವುದು ಹೀಗೆ.

2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ಉಲ್ಲಾಳ 130ನೇ ವಾರ್ಡಿನ ಹೆಸರಾಯಿತು. ಪಂಚಾಯಿತಿ ಇದ್ದಾಗ ಗ್ರಾಮಸಭೆ ಎನ್ನುವುದಿತ್ತು. ಕೂಗಾಟವೇ ಹೆಚ್ಚು, ಆದರೂ ಮೋರಿ ಯಾಕೆ ಕಟ್ಟಿಲ್ಲ ಎಂದು ಅಧ್ಯಕ್ಷನ ಮುಖ ನೋಡಿಯೇ ಕೇಳಬಹುದಿತ್ತು. ಪಾಲಿಕೆಯ ಮೊದಲ ಚುನಾವಣೆ 2010ರಲ್ಲಿ. ಕೊನೆಯ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳಾದವು. ಊರು ದೊಡ್ಡದಾದಷ್ಟೂ ಊರಿನವರು ಎದ್ದು ನಿಂತು ಕೇಳುವ ಜಾಗ ಚಿಕ್ಕದಾಯಿತು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಆ ಜಾಗ ಪೂರ್ತಿ ಇಲ್ಲವಾಗಿಲ್ಲ. ಊರಹಬ್ಬ ಬಂದಾಗ ನೋಡಬೇಕು. ನಮ್ಮ ಸೀಮೆಯ ಊರಹಬ್ಬ ಎಂದರೆ ಹೊತ್ತು ಮುಳುಗಿದ ಮೇಲೆ ತಂಬಿಟ್ಟಿನ ಆರತಿ. ಅಕ್ಕಿಹಿಟ್ಟು ಬೆಲ್ಲ ಕಲಸಿ ಕಟ್ಟಿದ ತಂಬಿಟ್ಟಿನ ನಡುವೆ ಗುಳಿ ಮಾಡಿ, ತುಪ್ಪ ಹಾಕಿ, ಬತ್ತಿ ಹೊತ್ತಿಸಿ, ಸುತ್ತ ಹೊಂಬಾಳೆ, ಹೂವು ಸಿಕ್ಕಿಸಿ, ತಲೆಯ ಮೇಲೆ ಹೊತ್ತು ಹೆಂಗಸರು ಸಾಲಾಗಿ ಬರುತ್ತಾರೆ. ಮುಂದೆ ತಮಟೆ. ಆರತಿ ಹೋಗುವ ದಾರಿ ಹಳೆಯ ಬೀದಿಯ ದಾರಿಯೇ. ಮೇನ್‌ರೋಡಿನಲ್ಲಿ ಟ್ರಾಫಿಕ್ ನಿಲ್ಲುತ್ತದೆ, ಕಾರಿನವರು ಹಾರ್ನ್ ಒತ್ತುತ್ತಾರೆ, ಯಾರೂ ಅವಸರ ಮಾಡುವುದಿಲ್ಲ. ಕಂಬದಿಂದ ಕಂಬಕ್ಕೆ ಫ್ಲೆಕ್ಸು, ದೇವಿಗಿಂತ ದೊಡ್ಡ ಮುಖದಲ್ಲಿ ಮುಖಂಡರು, ಕೆಳಗೆ ‘ಇಂತಿ ಗ್ರಾಮಸ್ಥರು’. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಕಡಿಯುವ ದಿನ ಬಾಡೂಟಕ್ಕೆ ಬಾಡಿಗೆಯವರಿಗೂ ಕರೆ ಹೋಗುತ್ತದೆ. ಎದುರಿನ ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ನಿಂತು ಮೊಬೈಲಿನಲ್ಲಿ ಹಿಡಿಯುತ್ತಾರೆ. ಹೊಲ ಇಲ್ಲದಿದ್ದರೂ ಹಬ್ಬ ನಡೆಯುತ್ತದೆ, ಯಾಕೆಂದರೆ ಗುಡಿಯ ಮುಂದಿನ ಬಯಲು ಇನ್ನೂ ಬಯಲಾಗಿದೆ. ಬಯಲು ಹೋದ ಊರುಗಳಲ್ಲಿ ಆರತಿ ಮನೆಯ ಬಾಗಿಲಿಂದ ಗುಡಿಯ ಬಾಗಿಲಿಗೆ ಬರೀ ನಡಿಗೆಯಾಗಿದೆ.

ಬಡಾವಣೆಯವರಿಗೂ ಕೂಟಗಳಿವೆ: ಕ್ಷೇಮಾಭಿವೃದ್ಧಿ ಸಂಘ, ಗಣೇಶೋತ್ಸವ, ನವೆಂಬರ್ ಪೂರ್ತಿ ರಾಜ್ಯೋತ್ಸವ. ಊರಿನವರು ಸಂಘಕ್ಕೆ ಹೋಗುವುದಿಲ್ಲ, ಸಂಘದವರು ಊರಹಬ್ಬದ ಚಂದಾ ಕೊಟ್ಟು ಸುಮ್ಮನಾಗುತ್ತಾರೆ. ಇಬ್ಬರೂ ಸೇರುವುದು ಎರಡೇ ಕಡೆ, ಕೆರೆಯ ಏರಿಯ ಮೇಲೆ ಮತ್ತು ನೀರಿನ ಟ್ಯಾಂಕರಿನ ಹಿಂದೆ.

ನೀರಿನ ಮಾತು ಬಂತು. ಬೋರ್‌ವೆಲ್ ನಂಬಿ ಕಟ್ಟಿದ ಬಡಾವಣೆಗಳಿಗೆ 2024ರ ಬೇಸಿಗೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್. ಸುಮಾರು ನೂರು ಕಿಲೋಮೀಟರ್ ದೂರದಿಂದ ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪಿನಲ್ಲಿ ಎತ್ತಿದ ನೀರು. ಭೂಗೋಳದವನ ಕಣ್ಣಿಗೆ ಇಲ್ಲೊಂದು ಚೋದ್ಯವಿದೆ. ಉಲ್ಲಾಳದಲ್ಲಿ ಬಿದ್ದ ಮಳೆಯೂ ಕಾವೇರಿಗೇ ಹೋಗುತ್ತದೆ ಎಂದೆನಲ್ಲ, ಆದರೆ ಅದು ಸೇರುವ ಸಂಗಮ ಶಿವನಸಮುದ್ರಕ್ಕಿಂತ ಕೆಳಗೆ. ನಮಗೆ ನೀರೆತ್ತುವುದು ಅದಕ್ಕಿಂತ ಮೇಲೆ. ನಮ್ಮ ಊರಿನಿಂದ ಹರಿದ ಹನಿ ನಮ್ಮ ಕೊಳಾಯಿಗೆ ಎಂದೂ ಬರುವುದಿಲ್ಲ. ಇಲ್ಲಿ ನಿಲ್ಲಿಸಿಕೊಂಡರೆ ಮಾತ್ರ ನಮ್ಮದು.

ನಿಲ್ಲಿಸುವುದು ಕೆರೆ. ಕೆರೆಗೆ ಬೇಲಿ, ನಡಿಗೆಯ ಹಾದಿ, ಬೆಂಚು ಎಲ್ಲ ಬರಬಹುದು, ಬರಲಿ. ಕಾಲುವೆ ಕೊಳಚೆ ತಂದರೆ ಬೆಂಚಿನ ಮೇಲೆ ಮೂಗು ಮುಚ್ಚಿಕೊಂಡು ಕೂರಬೇಕು. ಅಚ್ಚುಕಟ್ಟು ಸೈಟಾದ ಮೇಲೆ ತೂಬಿಗೆ ಕೆಲಸವಿಲ್ಲ. ಕೋಡಿಯ ಹಳ್ಳ ಸಂದಿಯಾದ ಮೇಲೆ ಅಕ್ಟೋಬರಿನ ಮಳೆ ಬೇಸ್‌ಮೆಂಟಿಗೆ ನುಗ್ಗುತ್ತದೆ. ಕೆರೆ, ಒತ್ತುವರಿಯ ಬಗ್ಗೆ 1985ರಲ್ಲೇ ಎನ್. ಲಕ್ಷ್ಮಣರಾವ್ ಸಮಿತಿ, ಆಮೇಲೆ ಎ.ಟಿ. ರಾಮಸ್ವಾಮಿ ಸಮಿತಿ, ಕೆ.ಬಿ. ಕೋಳಿವಾಡ ಸಮಿತಿ, ವರದಿಗಳಿಗೆ ಬರವಿಲ್ಲ.

ನಾನು ಕೇಳುವುದು ಚಿಕ್ಕದು. ಉಲ್ಲಾಳ, ಮರಿಯಪ್ಪನಪಾಳ್ಯ, ನಾಗದೇವನಹಳ್ಳಿ, ಸೊಣ್ಣೇನಹಳ್ಳಿ, ಮಲ್ಲತ್ತಹಳ್ಳಿ, ಈ ಊರುಗಳ ಗ್ರಾಮನಕ್ಷೆಗಳನ್ನು ಭೂಮಾಪನ ಇಲಾಖೆಯಿಂದ ತರಿಸಿ, ಬಿ ಖರಾಬಿನ ಪ್ರತಿ ಗೆರೆಗೂ ಬಣ್ಣ ಹಚ್ಚಿ, ಸಮುದಾಯ ಭವನದ ಗೋಡೆಗೆ ದೊಡ್ಡದಾಗಿ ಹಾಕೋಣ. ಗೆರೆ ಎಲ್ಲಿತ್ತು ಎಂದು ಹೇಳಬಲ್ಲ ಮುದುಕರು ಇನ್ನೂ ಇದ್ದಾರೆ, ಹುಡುಗರ ಕೈಯಲ್ಲಿ ಜಿಪಿಎಸ್ ಇರುವ ಫೋನಿದೆ. ಇಬ್ಬರನ್ನೂ ಒಂದು ಭಾನುವಾರ ಜೊತೆಗೆ ನಡೆಸಿದರೆ ಸಾಕು.

ಇದಕ್ಕೆ ಬರುವ ಆಕ್ಷೇಪಣೆ ನನಗೆ ಗೊತ್ತು. ಗೆರೆ ಹಾಕಿದರೆ ಅದು ಯಾರದಾದರೂ ಅಡುಗೆಮನೆಯ ಮೇಲೆ ಹಾಯುತ್ತದೆ, ನನ್ನ ಮನೆಯ ಮೇಲೇ ಹಾದರೂ ಹಾಯಬಹುದು. 2016ರ ಆಗಸ್ಟಿನಲ್ಲಿ ಬೆಂಗಳೂರಿನ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆಯ ಮೇಲಿದ್ದ ಮನೆಗಳನ್ನು ಒಡೆದಾಗ, ಸಾಲ ಮಾಡಿ, ಮಂಜೂರಾತಿ ಪಡೆದು ಕಟ್ಟಿದವರು ಬೀದಿಯಲ್ಲಿ ನಿಂತಿದ್ದರು. ಸೈಟು ಮಾಡಿ ಮಾರಿದವರು ಅಲ್ಲಿ ನಿಂತಿರಲಿಲ್ಲ. ಅದಕ್ಕೇ ಮನೆ ಎದ್ದ ಕಡೆಯಿಂದ ಶುರು ಮಾಡುವುದು ಬೇಡ ಎನ್ನುತ್ತೇನೆ. ನೈಸ್ ರಸ್ತೆಯಾಚೆ, ಇನ್ನೂ ಹೊಲ ಉಳಿದಿರುವ ಕಡೆ, ಕಲ್ಲು ನೆಡುವ ಕೆಲಸ ನಡೆದೇ ಇದೆ. ಅಲ್ಲಿಯ ನಕ್ಷೆ ಮೊದಲು ಗೋಡೆಗೆ ಬರಲಿ. ಕೊಳ್ಳುವವನು ಮುಂಗಡ ಕೊಡುವ ಮೊದಲು ಬಂದು ನೋಡಿಕೊಂಡು ಹೋಗಲಿ.